ನಟನೆಯನ್ನೇ ನಂಬಿದವರ ತಿಂಗಳ ಲೆಕ್ಕ ಹೇಗೆ ನಡೆಯುತ್ತದೆ?

ಗುಮಾಸ್ತ_ನಟ (ಚರ್ಚೆ ಆರಂಭಿಸಿದವರು)
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ಒಂಬತ್ತು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ವಯಸ್ಸು 32. ಹೆಂಡತಿ ಮನೆಯಲ್ಲಿಯೇ ಹೊಲಿಗೆ ಕೆಲಸ ಮಾಡುತ್ತಾಳೆ, ನಾಲ್ಕು ವರ್ಷದ ಮಗಳಿದ್ದಾಳೆ. ಕಾಲೇಜು ದಿನಗಳಿಂದಲೂ ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತ ಬಂದಿದ್ದೇನೆ. ಕಳೆದ ತಿಂಗಳು ಧಾರವಾಡದಲ್ಲಿ ನಮ್ಮ ಪ್ರಯೋಗವನ್ನು ನೋಡಿದ ಒಬ್ಬರು ಮರುದಿನವೇ ಕರೆ ಮಾಡಿ, ಬೆಂಗಳೂರಿನಲ್ಲಿ ಆರಂಭವಾಗಲಿರುವ ಧಾರಾವಾಹಿಯೊಂದರಲ್ಲಿ ನಾಯಕನ ಅಣ್ಣನ ಪಾತ್ರವಿದೆ, ತಿಂಗಳಿಗೆ ಹನ್ನೆರಡು ದಿನ ಕೆಲಸ ಕೊಡುತ್ತೇವೆ, ಆದರೆ ನೌಕರಿ ಇಟ್ಟುಕೊಂಡು ಬರಲು ಆಗುವುದಿಲ್ಲ ಎಂದು ಹೇಳಿದರು.

ನನಗೆ ಬೇಕಿರುವುದು ಧೈರ್ಯದ ಮಾತಲ್ಲ. ಈ ಕೆಲಸದಲ್ಲಿ ಇಪ್ಪತ್ತು ವರ್ಷ ಉಳಿದವರು, ಅಂದರೆ ಪೋಸ್ಟರಿನ ಮೇಲೆ ಮುಖ ಬಾರದ ಆದರೆ ನಾವೆಲ್ಲ ಗುರುತಿಸುವ ಅಂಥ ನಟನಟಿಯರು, ನಿಜವಾಗಿ ಹೇಗೆ ಬದುಕಿದ್ದಾರೆ ಎಂಬುದನ್ನು ತಿಳಿಯಬೇಕಾಗಿದೆ. ದಯವಿಟ್ಟು ಯಾರೂ ರಾಜ್‌ಕುಮಾರ್ ಮತ್ತು ಯಶ್ ಅವರ ಉದಾಹರಣೆ ಕೊಡಬೇಡಿ. ಆ ಕಥೆಗಳನ್ನು ನನ್ನ ಮಾವನವರಿಗೆ ನಾನೇ ಹೇಳಿ ಬೈಸಿಕೊಂಡಿದ್ದೇನೆ.

ಚಿಗುರು_23

ಇದ್ದದ್ದು ಒಂದೇ ಬದುಕು ಅಣ್ಣ, ರಾಜೀನಾಮೆ ಕೊಟ್ಟು ಬಂದುಬಿಡಿ.

ಕೊನೆಸಾಲಿನ_ಪ್ರೇಕ್ಷಕ

ಚಿಗುರು ಅವರೇ, ನಿಮ್ಮ ಬದುಕೂ ಒಂದೇ ಇರಬಹುದು, ಆದರೆ ಆತನ ಮನೆಯಲ್ಲಿ ಮೂರು ಬದುಕುಗಳಿವೆ.

ಗುಮಾಸ್ತರು ಬೇಡವೆಂದರೂ ನಾನು ರಾಜ್‌ಕುಮಾರ್ ಅವರ ಕಥೆಯನ್ನೇ ಹೇಳುತ್ತೇನೆ, ಏಕೆಂದರೆ ನಾವೆಲ್ಲ ಆ ಕಥೆಯ ಅರ್ಧವನ್ನು ಮಾತ್ರ ಹೇಳುತ್ತೇವೆ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ಗುಬ್ಬಿ ಕಂಪನಿಯ ಮುತ್ತುರಾಜ ರಾಜ್‌ಕುಮಾರ್ ಆದರು ಎನ್ನುವಲ್ಲಿಗೆ ನಮ್ಮ ಕಥೆ ಮುಗಿಯುತ್ತದೆ. ಅದರ ನಂತರದ ವರ್ಷಗಳಲ್ಲಿ ಕನ್ನಡದಲ್ಲಿ ತಯಾರಾಗುತ್ತಿದ್ದ ಚಿತ್ರಗಳೇ ಬೆರಳೆಣಿಕೆಯಷ್ಟು. ಹೀಗಾಗಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿಕೊಂಡು, ತೆರೆಯ ಮೇಲೆ ಹೆಸರು ಮಾಡಿದ ಮೇಲೂ ಊರೂರು ತಿರುಗಿ ನಾಟಕವಾಡಿದರು. 1960ರ 'ರಣಧೀರ ಕಂಠೀರವ' ಚಿತ್ರವನ್ನು ನಿರ್ಮಿಸಿದ್ದು ಆ ನಟರ ಗುಂಪೇ. ನಾಯಕನಟನಾದವನು ಮತ್ತೆ ಬಣ್ಣದ ಪೆಟ್ಟಿಗೆಯನ್ನು ಹೊತ್ತುಕೊಂಡು ಲಾರಿ ಹತ್ತಿದ್ದು ಸೋಲಲ್ಲ, ಅಂದಿನ ಲೆಕ್ಕಾಚಾರ. ಈ ಅರ್ಧವನ್ನೂ ನಿಮ್ಮ ಮಾವನವರಿಗೆ ಹೇಳಿ ನೋಡಿ.

ಅತ್ತೆ_ಪಾತ್ರ

ನಾನು ಹದಿನಾಲ್ಕು ವರ್ಷಗಳಿಂದ ಧಾರಾವಾಹಿಗಳಲ್ಲಿದ್ದೇನೆ. ಮೊದಲು ಅತ್ತಿಗೆಯಾಗಿದ್ದೆ, ಈಗ ಅತ್ತೆಯಾಗಿದ್ದೇನೆ, ನಡುವೆ ತಾಯಿಯಾಗುವ ಹಂತವೊಂದು ಎರಡೇ ವರ್ಷದಲ್ಲಿ ಮುಗಿದುಹೋಯಿತು. ಕೆಲಸ ನಡೆಯುವ ಬಗೆಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನಿಮಗೆ ತಿಂಗಳ ಸಂಬಳ ಇರುವುದಿಲ್ಲ. ದಿನಕ್ಕೆ ಇಷ್ಟು ಎಂದು ಪೇಮೆಂಟ್ ನಿಗದಿಯಾಗುತ್ತದೆ, ತಿಂಗಳಲ್ಲಿ ಎಷ್ಟು ದಿನ ಕಾಲ್‌ಶೀಟ್ (ಚಿತ್ರೀಕರಣದ ಕರೆ) ಬಂತೋ ಅಷ್ಟಕ್ಕೆ ಬಿಲ್ ಮಾಡುತ್ತೀರಿ, ಆ ಹಣ ಕೈಸೇರಲು ಎರಡು ಅಥವಾ ಮೂರು ತಿಂಗಳು ಹಿಡಿಯುತ್ತದೆ. ಅದರಲ್ಲಿ ಶೇ 10ರಷ್ಟು ಟಿಡಿಎಸ್ (ಮೂಲದಲ್ಲಿಯೇ ಕಡಿಯುವ ಆದಾಯ ತೆರಿಗೆ) ಮೊದಲೇ ಕಡಿತವಾಗಿರುತ್ತದೆ, ವರ್ಷದ ಕೊನೆಗೆ ನೀವೇ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬೇಕು. ಬೆಂಗಳೂರಿನಲ್ಲಿ ಮನೆಯ ಅಡ್ವಾನ್ಸ್, ಮೊದಲ ಮೂರು ತಿಂಗಳ ಬಾಡಿಗೆ, ಮಗಳ ಶಾಲೆ, ಇವೆಲ್ಲವನ್ನೂ ಒಂದು ರೂಪಾಯಿಯೂ ಬರುವ ಮೊದಲೇ ನೀವು ಕೊಟ್ಟಿರಬೇಕಾಗುತ್ತದೆ. ಶ್ರೀಮಂತರ ಮನೆಯ ಪಾತ್ರವಾದರೆ ಬಟ್ಟೆಗಳಲ್ಲಿ ಬಹುಪಾಲನ್ನು ನೀವೇ ತರಬೇಕಾಗಬಹುದು, ಆದ್ದರಿಂದ ಅಣ್ಣ ಎಷ್ಟು ಬಡವನೋ ನಿಮಗೆ ಅಷ್ಟು ಒಳ್ಳೆಯದು.

"ಹನ್ನೆರಡು ದಿನ" ಎಂದು ಬಾಯಿಮಾತಿನಲ್ಲಿ ಹೇಳಿದ್ದಾರೋ, ಕರಾರಿನಲ್ಲಿ ಬರೆದಿದ್ದಾರೋ ಎಂಬುದನ್ನು ಮೊದಲು ಕೇಳಿ. ಬರೆದಿಲ್ಲವಾದರೆ ಅದು ಹನ್ನೆರಡಲ್ಲ. ಟಿಆರ್‌ಪಿ ಇಳಿದ ವಾರವೇ ಕಥೆ ನಾಯಕ ನಾಯಕಿಯರ ಕಡೆಗೆ ತಿರುಗುತ್ತದೆ, ಅಣ್ಣಂದಿರು ಊಟದ ಮೇಜಿನ ದೃಶ್ಯಕ್ಕೆ ಮಾತ್ರ ಉಳಿಯುತ್ತಾರೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಸಂಭಾಷಣೆಯಲ್ಲಿ ನಿಮ್ಮ ಪಾತ್ರದ ಬಗ್ಗೆ "ದುಬೈ" ಎಂಬ ಮಾತು ಮೊದಲ ಬಾರಿ ಬಂದ ದಿನವೇ ಬೇರೆ ಕೆಲಸ ಹುಡುಕಲು ಆರಂಭಿಸಿ. ಕಥೆಯಲ್ಲಿ ಯಾರನ್ನು ಏನು ಮಾಡಬೇಕೆಂದು ತಿಳಿಯದಿದ್ದಾಗ ಅವರನ್ನು ದುಬೈಗೆ ಕಳುಹಿಸುತ್ತಾರೆ. ನಾನೇ ಇಬ್ಬರು ಮಕ್ಕಳನ್ನು ಕಳುಹಿಸಿಕೊಟ್ಟಿದ್ದೇನೆ, ಅವರಲ್ಲಿ ಯಾರೂ ಹಿಂದಿರುಗಲಿಲ್ಲ.

ರಂಗಧರ್ಮ

ಅಕ್ಕನವರ ಅನುಭವವನ್ನು ಗೌರವಿಸುತ್ತೇನೆ. ಆದರೆ ಇದು ನಟನಾ ವೃತ್ತಿಯ ಚರ್ಚೆಯಾಗಿದ್ದರೆ ಧಾರಾವಾಹಿಯನ್ನು ಬದಿಗಿಡಬೇಕೆಂಬುದು ನನ್ನ ಅಭಿಪ್ರಾಯ. ಸಹಾಯಕ ನಿರ್ದೇಶಕ ಪಕ್ಕದಲ್ಲಿ ನಿಂತು ಸಾಲನ್ನು ಓದಿ ಹೇಳುವುದು, ನಟ ಅದನ್ನು ಮುಖದ ಮೇಲೆ ಒಂದು ಭಾವ ಹಾಕಿಕೊಂಡು ಒಪ್ಪಿಸುವುದು, ಇದನ್ನು ಹತ್ತು ವರ್ಷ ಮಾಡಿದವನು ರಂಗದ ಮೇಲೆ ಎರಡು ಪುಟದ ಸ್ವಗತವನ್ನು ಹೇಳಲಾರ.

ಅತ್ತೆ_ಪಾತ್ರ

ರಂಗಧರ್ಮ ಅವರೇ, ಪ್ರಾಂಪ್ಟಿಂಗ್ ಕೇಳಿಕೊಂಡು, ಎದುರಿನವರ ಮಾತನ್ನೂ ಕೇಳಿಕೊಂಡು, ಬೆಳಕು ಬಿಡದ ಹಾಗೆ ನಿಂತುಕೊಂಡು, ಮೊದಲ ಟೇಕಿನಲ್ಲೇ ಅಳುವುದು ಒಂದು ಕೌಶಲ. ದಿನಕ್ಕೆ ಹದಿನೈದು ದೃಶ್ಯ ಮುಗಿಸುವ ದಿನ ಬಂದು ನೋಡಿ. ಧಾರಾವಾಹಿಯಲ್ಲಿ ರಂಗಭೂಮಿಯವರಿಲ್ಲವೆಂದು ಭಾವಿಸಬೇಡಿ. ವೈಶಾಲಿ ಕಾಸರವಳ್ಳಿಯವರು ರಂಗಭೂಮಿಯಿಂದ ಸಿನಿಮಾಕ್ಕೆ ಬಂದವರು, 'ತಾಯಿ ಸಾಹೇಬ' ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು, ಆಮೇಲೆ 'ಮೂಡಲಮನೆ'ಯಂಥ ಧಾರಾವಾಹಿಯನ್ನು ನಿರ್ದೇಶಿಸಿದವರು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳ ಕಾಲದಲ್ಲಿ ಬೆಂಗಳೂರಿನ ಹವ್ಯಾಸಿ ರಂಗಭೂಮಿಯ ಎಷ್ಟೊಂದು ಮಂದಿಗೆ ಮೊದಲ ಬಾರಿ ನಟನೆಯಿಂದ ಮನೆ ಬಾಡಿಗೆ ಕಟ್ಟುವಷ್ಟು ಹಣ ಸಿಕ್ಕಿತು ಎಂಬುದನ್ನು ಅವರನ್ನೇ ಕೇಳಿ.

ಲೆಕ್ಕದ_ಪುಸ್ತಕ

ರಂಗಧರ್ಮ ಅವರಿಗಾಗಿ ಒಂದು ಸಣ್ಣ ಲೆಕ್ಕ ಹಾಕುತ್ತೇನೆ. ನಾನು ಬೆಂಗಳೂರಿನ ಒಂದು ತಂಡದ ಖಜಾಂಚಿಯಾಗಿದ್ದೆ. ಮುನ್ನೂರು ಆಸನದ ರಂಗಮಂದಿರ, ಟಿಕೆಟ್ 200 ರೂಪಾಯಿ ಎಂದಿಟ್ಟುಕೊಳ್ಳಿ. ಮನೆ ತುಂಬಿದರೆ 60,000 ರೂಪಾಯಿ. ಬಾಡಿಗೆ, ಬೆಳಕು, ಸೆಟ್ ಸಾಗಣೆ, ವಸ್ತ್ರ, ಪ್ರಸಾಧನ, ಸಂಗೀತದವರು, ಪೋಸ್ಟರು, ಎರಡು ತಿಂಗಳ ತಾಲೀಮಿನ ಕಾಫಿ ತಿಂಡಿ ಎಲ್ಲವನ್ನೂ ಕಳೆದು ಉಳಿದದ್ದನ್ನು ಹನ್ನೆರಡು ನಟರಿಗೆ ಹಂಚಿದರೆ ತಲೆಗೆ ಎಷ್ಟು ಬರುತ್ತದೆ ಎಂಬುದನ್ನು ನೀವೇ ಗುಣಿಸಿಕೊಳ್ಳಿ. ಅದೂ ಮನೆ ತುಂಬಿದರೆ, ಅದೂ ಅತಿಥಿ ಪಾಸುಗಳನ್ನು ಕೊಡದಿದ್ದರೆ. ನಮ್ಮ ತಂಡದಲ್ಲಿ ಒಂದು ಪ್ರಯೋಗಕ್ಕೆ ನಟನಿಗೆ ಸಿಕ್ಕ ಅತ್ಯಂತ ಹೆಚ್ಚಿನ ಗೌರವಧನ 1,500 ರೂಪಾಯಿ, ಆ ವರ್ಷ ನಾವು ಒಂಬತ್ತು ಪ್ರಯೋಗ ಮಾಡಿದ್ದೆವು.

ಜೆ.ಪಿ. ನಗರದಲ್ಲಿ ರಂಗಶಂಕರ 2004ರಲ್ಲಿ ಆರಂಭವಾದ ಮೇಲೆ ನಿತ್ಯ ನಾಟಕ ನೋಡುವ ಅಭ್ಯಾಸವೇನೋ ಬೆಳೆಯಿತು, ತಡವಾಗಿ ಬಂದವರನ್ನು ಒಳಗೆ ಬಿಡದ ಶಿಸ್ತೂ ಬಂತು. ಪ್ರೇಕ್ಷಕರು ಹೆಚ್ಚಿದ್ದು ನಿಜವಾದರೂ ನಟನ ಸಂಸಾರ ನಡೆಯುವ ಮಟ್ಟಕ್ಕೆ ಇನ್ನೂ ಯಾವ ರಂಗಮಂದಿರವೂ ಅದನ್ನು ಒಯ್ದಿಲ್ಲ.

ಸಂಜೆ_ಐದೂವರೆ

ಹಾಗಾದರೆ ನೌಕರಿ ಬಿಡದಿರುವುದೇ ಸರಿಯಾದ ದಾರಿ. ದತ್ತಣ್ಣನವರನ್ನು ನೋಡಿ, ಸಿನಿಮಾಕ್ಕಾಗಿ ವಾಯುಪಡೆಯ ಕೆಲಸವನ್ನೇ ತೊರೆದು ಬಂದರು, ಆದರೆ ಅವರಿಗೆ ಪಿಂಚಣಿ ಇತ್ತು.

ಕೊನೆಸಾಲಿನ_ಪ್ರೇಕ್ಷಕ

ಸಣ್ಣ ತಿದ್ದುಪಡಿ. ಎಚ್.ಜಿ. ದತ್ತಾತ್ರೇಯ ಅವರು ಸಿನಿಮಾಕ್ಕಾಗಿ ಏನನ್ನೂ ತೊರೆಯಲಿಲ್ಲ. ವಿಂಗ್ ಕಮಾಂಡರ್ ಹುದ್ದೆಯವರೆಗೆ ಸೇವೆ ಸಲ್ಲಿಸಿದ ಮೇಲೆ ವಾಯುಪಡೆಯಿಂದ ಹೊರಬಂದರು, ಎಚ್ಎಎಲ್‌ನಲ್ಲಿಯೂ ಕೆಲಸ ಮಾಡಿದರು, ರಂಗಭೂಮಿಯ ನಂಟನ್ನು ಉಳಿಸಿಕೊಂಡಿದ್ದರು, ಚಿತ್ರಗಳು ಬಂದದ್ದು ನಲವತ್ತೈದು ದಾಟಿದ ಮೇಲೆ. 'ಮುನ್ನುಡಿ' ಚಿತ್ರದ ಪೋಷಕ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ಅವರಿಗೆ ಅರವತ್ತರ ಹತ್ತಿರ. ನಟಿ ಭಾರ್ಗವಿ ನಾರಾಯಣ್ ಅವರದು ಇನ್ನೊಂದು ರೀತಿ. ಹಗಲು ಇಎಸ್‌ಐ ಕಚೇರಿ, ಸಂಜೆ ತಾಲೀಮು, ಮನೆಯಲ್ಲಿ ನಾಲ್ಕು ಮಕ್ಕಳು, ಗಂಡ ಮೇಕಪ್ ನಾಣಿಯವರು ಬಣ್ಣದ ಕೆಲಸದಲ್ಲಿ. ನಿವೃತ್ತಿಯವರೆಗೆ ನೌಕರಿ ಮಾಡಿಯೂ ಅವರು ರಂಗಭೂಮಿ, ಸಿನಿಮಾ, ಧಾರಾವಾಹಿ ಮೂರರಲ್ಲೂ ಇದ್ದರು. ಗುಮಾಸ್ತರೇ, ಒಮ್ಮೆಲೇ ಜಿಗಿದವರ ಹೆಸರುಗಳೇ ನಮಗೆ ನೆನಪಿರುತ್ತವೆ. ಹೀಗೆ ನಡೆದುಕೊಂಡು ಬಂದವರ ಸಂಖ್ಯೆಯೇನೂ ಕಡಿಮೆಯಿಲ್ಲ.

ರಂಗಧರ್ಮ

ಇಎಸ್‌ಐ ಕಚೇರಿಯಲ್ಲಿ ಸಂಜೆ ಐದಕ್ಕೆ ಬಿಡುಗಡೆ ಸಿಗುತ್ತಿದ್ದ ಕಾಲ ಅದು. ಈಗ ಖಾಸಗಿ ಕಂಪನಿಯಲ್ಲಿ ರಾತ್ರಿ ಎಂಟಕ್ಕೆ ಮೀಟಿಂಗ್ ಇಟ್ಟುಕೊಂಡವನು ತಾಲೀಮಿಗೆ ಬರುವುದು ಹೇಗೆ? ಬ್ಯಾಂಕು, ಎ.ಜಿ. ಕಚೇರಿ (ಮಹಾಲೇಖಪಾಲರ ಕಚೇರಿ), ಸಾರ್ವಜನಿಕ ವಲಯದ ಕಾರ್ಖಾನೆ ಇವುಗಳ ಸಂಬಳದ ಮೇಲೆ ನಿಂತಿದ್ದದ್ದು ನಮ್ಮ ಹವ್ಯಾಸಿ ರಂಗಭೂಮಿ. ಆ ನೌಕರಿಗಳು ಕಡಿಮೆಯಾದಂತೆ ತಂಡಗಳೂ ಸೊರಗಿದವು. ಇದನ್ನು ಯಾರೂ ಹೇಳುವುದಿಲ್ಲ.

ಲೆಕ್ಕದ_ಪುಸ್ತಕ

ಈ ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ನನ್ನ ತಂಡ ನಿಂತದ್ದೂ ಹಾಗೆಯೇ.

ಬನಶಂಕರಿ_ಮೊಕ್ಕಾಂ

ಇಲ್ಲಿಯವರೆಗೆ ಎಲ್ಲರೂ ಬೆಂಗಳೂರಿನ ಮಾತನ್ನೇ ಆಡುತ್ತಿದ್ದೀರಿ. ನನ್ನ ತಾಯಿ ವೃತ್ತಿ ರಂಗಭೂಮಿಯ ನಟಿ. ನಾನು ಹುಟ್ಟಿದ್ದು ನಾಟಕ ಕಂಪನಿಯ ಮೊಕ್ಕಾಮಿನಲ್ಲಿ, ಅಂದರೆ ಅದು ಬೀಡುಬಿಟ್ಟ ಊರಿನಲ್ಲಿ, ನಡೆಯಲು ಕಲಿತದ್ದು ಪರದೆಗಳ ಹಿಂದೆ, ಶಾಲೆಗೆ ಸೇರಿದ್ದು ಆರು ಊರುಗಳಲ್ಲಿ.

ಬಾದಾಮಿಯ ಬನಶಂಕರಿ ಜಾತ್ರೆಯನ್ನು ನೋಡಿದವರಿಗೆ ಗೊತ್ತಿರುತ್ತದೆ. ತೇರು ಎಳೆಯುವುದು ಒಂದು ದಿನ, ನಾಟಕ ನಡೆಯುವುದು ವಾರಗಟ್ಟಲೆ. ಹಲವು ಕಂಪನಿಗಳು ಅಕ್ಕಪಕ್ಕ ತಗಡಿನ ಥಿಯೇಟರುಗಳನ್ನು ಹಾಕಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತವೆ. ಆ ಒಂದು ಜಾತ್ರೆಯ ಕಲೆಕ್ಷನ್ ಮೇಲೆ ಕಂಪನಿಯ ಇಡೀ ವರ್ಷದ ಸಾಲ ತೀರಬೇಕು. ಜಾತ್ರೆ ಚೆನ್ನಾಗಿ ಆದರೆ ಮಾಲೀಕರು ಸಂಬಳವನ್ನು ಕೈಗೆ ಕೊಡುತ್ತಿದ್ದರು, ಆಗದಿದ್ದರೆ "ಮುಂದಿನ ಮೊಕ್ಕಾಮಿನಲ್ಲಿ ನೋಡೋಣ" ಎಂಬ ಉತ್ತರ ಸಿಗುತ್ತಿತ್ತು. ನನ್ನ ತಾಯಿಗೆ ಒಂದು ಕಂಪನಿಯಿಂದ ಬರಬೇಕಾಗಿದ್ದ ಎರಡು ಮೊಕ್ಕಾಮಿನ ಬಾಕಿ ಇವತ್ತಿಗೂ ಬಂದಿಲ್ಲ, ಮಾಲೀಕರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಬೆನಿಫಿಟ್ ಆಟ ಎಂದು ಒಂದಿತ್ತು, ಹೆಸರು ಮಾಡಿದ ನಟ ಅಥವಾ ನಟಿಯ ಸಹಾಯಾರ್ಥ ಒಂದು ರಾತ್ರಿಯ ಗಳಿಕೆಯನ್ನು ಅವರಿಗೇ ಬಿಟ್ಟುಕೊಡುವುದು. ನನ್ನ ಅಕ್ಕನ ಮದುವೆ ನಡೆದದ್ದು ಅಂಥ ಒಂದು ಆಟದಿಂದ.

ಕಂಪನಿಗಳು ಸೊರಗಿದ ಮೇಲೆ ತಾಯಿ ಏನು ಮಾಡಿದಳು ಎಂಬುದೇ ಇಲ್ಲಿಗೆ ಹೊಂದುವ ಮಾತು. ನಮ್ಮ ಕಡೆ ಹಳ್ಳಿಗಳಲ್ಲಿ ಜಾತ್ರೆಗೆ ಊರಿನ ಹುಡುಗರೇ ಸಾಮಾಜಿಕ ನಾಟಕ ಆಡುತ್ತಾರೆ, ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ನಟಿಯರನ್ನು ಕರೆಸುತ್ತಾರೆ. ಯುಗಾದಿಯಿಂದ ಮಳೆ ಬೀಳುವವರೆಗೆ ತಾಯಿ ರಾತ್ರಿಗೊಂದು ಊರಿನಲ್ಲಿ ಇರುತ್ತಿದ್ದಳು. ತಾಲೀಮಿಲ್ಲ, ಸಹನಟರ ಪರಿಚಯವಿಲ್ಲ, ಬಸ್ಸಿನಲ್ಲಿ ಕುಳಿತು ಪುಸ್ತಕ ತಿರುವಿ ಹಾಕಿ, ರಾತ್ರಿ ಹತ್ತಕ್ಕೆ ರಂಗದ ಮೇಲೆ ಹೋಗಿ, ಮಾತು ಮರೆತ ನಾಯಕನಿಗೆ ತಾನೇ ಅವನ ಸಾಲನ್ನು ನೆನಪಿಸಿ, ಬೆಳಗಿನ ಮೊದಲ ಬಸ್ಸಿಗೆ ಹಿಂದಿರುಗುತ್ತಿದ್ದಳು. ರಂಗಧರ್ಮ ಅವರೇ, ಎರಡು ಪುಟದ ಸ್ವಗತದ ಮಾತು ಹೇಳಿದಿರಲ್ಲ, ನನ್ನ ತಾಯಿಗೆ ನಲವತ್ತು ನಾಟಕಗಳ ಮಾತು ಬಾಯಿಪಾಠವಿತ್ತು. ಆದರೆ ಯಾವ ವಿಮರ್ಶಕನೂ ಆಕೆಯನ್ನು ಕಲಾವಿದೆ ಎಂದು ಬರೆಯಲಿಲ್ಲ. ಏಣಗಿ ಬಾಳಪ್ಪನವರು, ಚಿಂದೋಡಿ ಲೀಲಾ ಅವರು ಎತ್ತರಕ್ಕೆ ಏರಿ ನಿಂತರು, ಅವರಿಗೆ ಮನ್ನಣೆ ಸಿಕ್ಕಿತು, ಸಂತೋಷ. ಅವರ ಹಿಂದೆ ಸಾಲಾಗಿ ನಿಂತಿದ್ದವರು ಕೊನೆಗಾಲದಲ್ಲಿ ಸರ್ಕಾರದ ಮಾಸಾಶನದ ಅರ್ಜಿಗೆ ಹಳೆಯ ಕರಪತ್ರಗಳನ್ನು ಹುಡುಕುತ್ತ ಕುಳಿತರು. ಹೆಸರು ಮುದ್ರಿತವಾದ ಕರಪತ್ರವಿಲ್ಲದಿದ್ದರೆ ನಲವತ್ತು ವರ್ಷ ಬಣ್ಣ ಹಚ್ಚಿದ್ದಕ್ಕೆ ಸಾಕ್ಷಿಯೇ ಇಲ್ಲ. ಗುಮಾಸ್ತ ನಟರೇ, ಇವತ್ತಿನಿಂದ ಪ್ರತಿಯೊಂದು ಕರಪತ್ರವನ್ನೂ ಎತ್ತಿಡಿ.

ರಂಗಧರ್ಮ

ನಿಮ್ಮ ತಾಯಿಯವರ ವಿಷಯ ತಿಳಿಯದೆ ಆಡಿದ ಮಾತಿಗೆ ಕ್ಷಮೆ ಇರಲಿ. ನಾನು ಧಾರಾವಾಹಿಯ ಬಗ್ಗೆ ಹೇಳಿದ್ದನ್ನು ಹಿಂದಕ್ಕೆ ಪಡೆಯುತ್ತಿಲ್ಲ.

ಹಾರ್ಮೋನಿಯಂ_ಮೇಷ್ಟ್ರ_ಮಗ

ತುಮಕೂರು ಸೀಮೆಯಿಂದ ಒಂದು ಉಪಕಥೆ. ನಮ್ಮಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು. 'ಕುರುಕ್ಷೇತ್ರ' ನಾಟಕ ಕಟ್ಟಿದರೆ ನಟರೇ ಹಣ ಕೊಡಬೇಕು. ಪಾತ್ರಕ್ಕೆ ತಕ್ಕ ದರ, ದುರ್ಯೋಧನನಿಗೂ ಕೃಷ್ಣನಿಗೂ ಎಲ್ಲರಿಗಿಂತ ಹೆಚ್ಚು, ಸೈನಿಕನಿಗೆ ಕಡಿಮೆ. ಆ ಹಣದಲ್ಲಿ ಸೀನರಿಯವರಿಗೆ, ಮೈಕಿನವರಿಗೆ, ದ್ರೌಪದಿಯಾಗಿ ಬರುವ ವೃತ್ತಿ ನಟಿಗೆ, ಮತ್ತು ಮೂರು ತಿಂಗಳು ರಾತ್ರಿ ಕುಳಿತು ಕಂದ, ವೃತ್ತಗಳೆಂಬ ಹಾಡುವ ಪದ್ಯಗಳನ್ನು ಹೇಳಿಕೊಟ್ಟ ನನ್ನ ತಂದೆಗೆ ಸಂಭಾವನೆ. ಅಂದರೆ ಇಡೀ ಆಟದಲ್ಲಿ ಕಲೆಯಿಂದ ದುಡಿದು ತಿನ್ನುತ್ತಿದ್ದವರು ಇಬ್ಬರೇ, ಮೇಷ್ಟ್ರು ಮತ್ತು ದ್ರೌಪದಿ. ಸಾಲ ಮಾಡಿ ದುರ್ಯೋಧನನಾದವರನ್ನು ನಾನು ಬಲ್ಲೆ. ಅವರನ್ನು ವೃತ್ತಿನಟರೆನ್ನಲಾಗದು, ಆದರೆ ಅವರಿಗೆ ಬೀಳುತ್ತಿದ್ದ ಒನ್ಸ್ ಮೋರ್ ಮುಂದೆ ವೃತ್ತಿನಟರೂ ತಲೆತಗ್ಗಿಸಬೇಕು.

ಚಿಗುರು_23

ದುರ್ಯೋಧನನ ಪಾತ್ರಕ್ಕೆ ಎಷ್ಟು ಕೊಡಬೇಕು ಎಂಬುದನ್ನು ಖಾಸಗಿಯಾಗಿ ತಿಳಿಸಿ.

ಹೆಗ್ಗೋಡಿನ_ಹಳೆಯವ

ನಾನು ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತವನು. ಕಲಿತ ಮೇಲೆ ಎರಡು ವರ್ಷ ಅಲ್ಲಿನ ತಿರುಗಾಟದಲ್ಲಿದ್ದೆ, ಅಂದರೆ ಊರೂರು ಸುತ್ತಿ ನಾಟಕವಾಡುವ ತಂಡದಲ್ಲಿ. 1985ರಲ್ಲಿ ಆರಂಭವಾದ ಈ ತಿರುಗಾಟವೇ ನಮ್ಮಂಥವರಿಗೆ ನಟನೆಗಾಗಿಯೇ ತಿಂಗಳ ಸಂಬಳ, ಊಟ, ವಸತಿ ಕೊಟ್ಟ ವ್ಯವಸ್ಥೆ. ಹಾಗೆಯೇ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣವೂ ನಟನೆಂದರೆ ಸಂಬಳ ಪಡೆಯುವ ಕೆಲಸಗಾರ ಎಂಬ ಕಲ್ಪನೆಯನ್ನು ಸರ್ಕಾರದ ಕಡತಕ್ಕೆ ಸೇರಿಸಿತು. ಆದರೆ ಅಲ್ಲಿರುವ ಜಾಗಗಳು ಎಷ್ಟು, ಕಲಿತು ಹೊರಬರುವವರು ಎಷ್ಟು ಎಂದು ಕೇಳಿದರೆ ಉತ್ತರ ಸುಲಭ.

ನನ್ನ ಜೊತೆ ಕಲಿತವರ ಈಗಿನ ಸ್ಥಿತಿ ಹೇಳುತ್ತೇನೆ, ಹೆಸರುಗಳನ್ನು ಬಿಡುತ್ತೇನೆ. ಒಬ್ಬ ಸಿನಿಮಾದಲ್ಲಿ ಪೊಲೀಸ್ ಅಧಿಕಾರಿಯ ಪಾತ್ರಗಳಿಗೆ ಕಾಯಂ ಆಗಿದ್ದಾನೆ, ಮೀಸೆ ತೆಗೆಯುವಂತಿಲ್ಲ. ಒಬ್ಬಳು ಶಾಲೆಯಲ್ಲಿ ರಂಗಶಿಕ್ಷಕಿ. ಒಬ್ಬ ಬೆಳಕಿನ ವಿನ್ಯಾಸಕ್ಕೆ ತಿರುಗಿಕೊಂಡು ನಮ್ಮೆಲ್ಲರಿಗಿಂತ ನೆಮ್ಮದಿಯಾಗಿದ್ದಾನೆ, ಏಕೆಂದರೆ ಒಂದು ತಿಂಗಳಿಗೆ ಹತ್ತು ತಂಡಗಳಿಗೆ ಬೆಳಕು ಮಾಡಬಹುದು, ಹತ್ತು ತಂಡಗಳಲ್ಲಿ ನಟಿಸಲಾಗದು. ಇನ್ನೊಬ್ಬ ಅಡಿಕೆ ತೋಟಕ್ಕೆ ಹಿಂದಿರುಗಿದ. ನನ್ನ ವಿಷಯಕ್ಕೆ ಬಂದರೆ, ವರ್ಷದ ಆದಾಯದ ದೊಡ್ಡ ಪಾಲು ಏಪ್ರಿಲ್ ಮತ್ತು ಮೇ ತಿಂಗಳ ಮಕ್ಕಳ ಬೇಸಿಗೆ ಶಿಬಿರಗಳಿಂದ ಬರುತ್ತದೆ, ಆಮೇಲೆ ಕಾಲೇಜುಗಳ ಯುವಜನೋತ್ಸವಕ್ಕೆ ಕಿರುನಾಟಕ ಕಟ್ಟಿಕೊಡುತ್ತೇನೆ, ಶಾಲಾ ವಾರ್ಷಿಕೋತ್ಸವದಲ್ಲಿ ಎಂಬತ್ತು ಮಕ್ಕಳನ್ನು ಒಂದೇ ರಂಗದ ಮೇಲೆ ನಿಲ್ಲಿಸುತ್ತೇನೆ, ನಡುವೆ ಸಿನಿಮಾದಿಂದ ನಾಲ್ಕು ದಿನದ ಕೆಲಸ ಬಂದರೆ ಹೋಗುತ್ತೇನೆ. ಜನಗಣತಿಯವರು ಬಂದು ಉದ್ಯೋಗ ಕೇಳಿದರೆ ನಟ ಎನ್ನುತ್ತೇನೆ. ನನ್ನ ಹೆಂಡತಿ ಒಳಗಿನಿಂದ ಮೇಷ್ಟ್ರು ಎಂದು ಬರೆದುಕೊಳ್ಳಿ ಎನ್ನುತ್ತಾಳೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಮಂಡ್ಯ ರಮೇಶ್ ಅವರು ಸಿನಿಮಾ, ಕಿರುತೆರೆಗಳಲ್ಲಿ ದುಡಿಯುತ್ತಲೇ ಮೈಸೂರಿನಲ್ಲಿ 'ನಟನ' ರಂಗಶಾಲೆಯನ್ನು ಕಟ್ಟಿ ಹೊಸಬರಿಗೆ ಕಲಿಸುತ್ತಿದ್ದಾರೆ. ಕಲಿಸುವುದು ಮತ್ತು ನಟಿಸುವುದು ಎರಡೂ ಒಂದೇ ಹಗ್ಗದ ಎಳೆಗಳು ಎಂದು ಬಹಳ ಮಂದಿ ನಂಬಿ ಬದುಕಿದ್ದಾರೆ.

ಚಂಡೆಯ_ಪೆಟ್ಟು

ಕರಾವಳಿಯ ಮಾತೂ ಇರಲಿ. ಯಕ್ಷಗಾನ ಮೇಳದ ಕಲಾವಿದನಿಗೆ ದೀಪಾವಳಿಯ ನಂತರದಿಂದ ಮೇ ತಿಂಗಳವರೆಗೆ ರಾತ್ರಿಗೊಂದು ಆಟ, ಭಕ್ತರು ಹರಕೆಗಾಗಿ ಆಡಿಸುವ ಮೇಳವಾದರೆ ಮುಂಗಡ ಕಾಯ್ದಿರಿಸಿದ ಪಟ್ಟಿಯೇ ವರ್ಷಗಟ್ಟಲೆ ಉದ್ದವಿರುತ್ತದೆ. ಹಾಗಾಗಿ ಆರು ತಿಂಗಳ ಸಂಬಳದಲ್ಲಿ ಅನಿಶ್ಚಿತತೆ ಕಡಿಮೆ. ಉಳಿದ ಆರು ತಿಂಗಳು ಮಳೆ. ಆಗ ಕೆಲವರು ಮುಂಬೈಗೆ ಆಟ ಕೊಂಡೊಯ್ಯುತ್ತಾರೆ, ಕೆಲವರು ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಲೆಗೆ, ಇನ್ನು ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗುತ್ತಾರೆ. ಹಗಲು ಹೋಟೆಲಿನಲ್ಲಿ ದುಡಿಯುವ ಕಿರೀಟದ ವೇಷಧಾರಿಯೂ ನಮ್ಮಲ್ಲಿದ್ದಾನೆ. ನೀವೆಲ್ಲ ಎರಡನೆಯ ಕೆಲಸ ಎಂದು ತಲೆ ಕೆಡಿಸಿಕೊಳ್ಳುವುದನ್ನು ನಾವು ಮಳೆಗಾಲ ಎನ್ನುತ್ತೇವೆ.

ಧ್ವನಿಮಾತ್ರ

ನನ್ನ ಮುಖವನ್ನು ಇಲ್ಲಿ ಯಾರೂ ನೋಡಿಲ್ಲ, ಧ್ವನಿಯನ್ನು ಎಲ್ಲರೂ ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ಕಂಠದಾನವೆಂದರೆ ಕನ್ನಡ ಬಾರದ ನಾಯಕಿಯರಿಗೆ ಮಾತು ಕೊಡುವುದು ಮತ್ತು ಜಾಹೀರಾತು, ಅಷ್ಟೇ. ಹೊರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವಂತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ಆದೇಶ ಹೊರಡಿಸಿತು, ಹಂತಹಂತವಾಗಿ ಚಿತ್ರಗಳು ಬಂದವು, 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತಾಗ ಡಬ್ ಆದ ಧಾರಾವಾಹಿಗಳೂ ಬಂದವು. ಡಬ್ಬಿಂಗ್ ಬಂದರೆ ಕಲಾವಿದರ ಹೊಟ್ಟೆಯ ಮೇಲೆ ಹೊಡೆತ ಎಂಬ ಕೂಗಿನಲ್ಲಿ ನಾನೂ ಸೇರಿದ್ದೆ. ಈಗ ನನ್ನ ಮನೆಯ ಕಂತು ಕಟ್ಟುತ್ತಿರುವುದು ಅದೇ ಡಬ್ಬಿಂಗ್.

ಗುಮಾಸ್ತರ ಧ್ವನಿ ಚೆನ್ನಾಗಿದ್ದರೆ ಧಾರಾವಾಹಿಯ ಬಿಡುವಿನ ದಿನಗಳಲ್ಲಿ ಇದನ್ನು ಕಲಿಯಬಹುದು. ಒಂದೇ ಎಚ್ಚರಿಕೆ, ಹಾವೇರಿಯ ಮಾತಿನ ಧಾಟಿಯನ್ನು ಸ್ಟುಡಿಯೋದವರು ತಿದ್ದಲು ನೋಡುತ್ತಾರೆ. ತಿದ್ದಿಕೊಳ್ಳಿ, ಆದರೆ ಮರೆಯಬೇಡಿ, ಉತ್ತರ ಕರ್ನಾಟಕದ ಪಾತ್ರ ಬಂದಾಗ ಅದೇ ಧಾಟಿಗೆ ಅವರೇ ಹುಡುಕಿಕೊಂಡು ಬರುತ್ತಾರೆ.

ಕೊನೆಸಾಲಿನ_ಪ್ರೇಕ್ಷಕ

ಇದು ತಲೆಮಾರಿಗೊಂದು ಬಾಗಿಲು ಬದಲಾಗುವ ಕೆಲಸ. ಒಂದೇ ಮನೆಯನ್ನು ನೋಡಿ. ಸುಬ್ಬಯ್ಯ ನಾಯ್ಡು ಅವರು ವೃತ್ತಿ ನಾಟಕದವರು, 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಇಂದ್ರಜಿತು. ಮಗ ಲೋಕೇಶ್ ಸಿನಿಮಾ ಮತ್ತು ಹೊಸ ಅಲೆಯ ರಂಗಭೂಮಿಯವರು, ಸೊಸೆ ಗಿರಿಜಾ ಲೋಕೇಶ್ ಇಂದಿಗೂ ಪೋಷಕ ಪಾತ್ರಗಳಲ್ಲಿದ್ದಾರೆ. ಮೊಮ್ಮಗ ಸೃಜನ್ ಅವರಿಗೆ ಊಟ ಹಾಕಿದ್ದು ದೂರದರ್ಶನದ ನಿರೂಪಣೆ ಮತ್ತು ಹಾಸ್ಯ ಕಾರ್ಯಕ್ರಮ. ವೃತ್ತಿ ಒಂದೇ, ಕೂಲಿ ಕೊಡುವವರು ಮಾತ್ರ ಬದಲಾದರು.

ಸಂಜೆ_ಐದೂವರೆ

"ದೂರದರ್ಶನ" ಎಂದರೆ ಸರ್ಕಾರಿ ವಾಹಿನಿ. ನೀವು ಹೇಳುತ್ತಿರುವುದು ಖಾಸಗಿ ಕಿರುತೆರೆ. ನನ್ನನ್ನು ತಿದ್ದಿದಿರಲ್ಲ, ಇದೋ ಮರಳಿಸಿದೆ.

ಕೊನೆಸಾಲಿನ_ಪ್ರೇಕ್ಷಕ

ಒಪ್ಪಿದೆ. ಬಾಕಿ ಚುಕ್ತಾ.

ಬಣ್ಣ_ಮಾಸದವಳು

ಮೇಲಿನ ಬಹುತೇಕ ಉತ್ತರಗಳು ಗಂಡಸರ ಲೆಕ್ಕ. ಗಂಡು ನಟನಿಗೆ ಮೂವತ್ತೆರಡು ಆರಂಭದ ವಯಸ್ಸು, ಹೆಣ್ಣಿಗೆ ಅದೇ ವಯಸ್ಸಿನಲ್ಲಿ ತಾಯಿಯ ಪಾತ್ರ ಕೇಳಿಕೊಂಡು ಬರುತ್ತಾರೆ. ಉಮಾಶ್ರೀಯವರು ರಂಗದ ಮೇಲೆ 'ಒಡಲಾಳ'ದ ಸಾಕವ್ವ ಆದವರು. ಅಂಥ ನಟಿಗೆ ಸಿನಿಮಾ ಎಷ್ಟೋ ಕಾಲ ಕೊಟ್ಟದ್ದು ಬಹುಪಾಲು ಹಾಸ್ಯದ ಪಾತ್ರಗಳನ್ನೇ. ಅವೇ ಪಾತ್ರಗಳಿಂದ ಸಂಸಾರ ನಡೆಸಿ, ಮಕ್ಕಳನ್ನು ಬೆಳೆಸಿ, 2008ರಲ್ಲಿ 'ಗುಲಾಬಿ ಟಾಕೀಸ್' ಬಂದಾಗ ರಾಷ್ಟ್ರಪ್ರಶಸ್ತಿ ಪಡೆದರು, ಆಮೇಲೆ ಸಚಿವೆಯೂ ಆದರು, ಅದಾದ ಮೇಲೆ ಕಿರುತೆರೆಗೂ ಬಂದರು. ಇದನ್ನು ಏಳುಬೀಳಿಲ್ಲದ ಏರುದಾರಿ ಎಂದು ಬರೆಯುವವರಿಗೆ ನಡುವಿನ ವರ್ಷಗಳು ಕಾಣುವುದಿಲ್ಲ. ನಾನೂ ಅಂಥ ನಡುವಿನ ವರ್ಷಗಳಲ್ಲಿದ್ದೇನೆ, ಆದ್ದರಿಂದ ನನಗೆ ಅವಷ್ಟೇ ಕಾಣುತ್ತವೆ.

ಇನ್ನೊಂದು ಮಾತು. ಗುಮಾಸ್ತರ ಹೆಂಡತಿಯ ಹೊಲಿಗೆಯನ್ನು ಯಾರೂ ಗಮನಿಸಲಿಲ್ಲ. ಆಕೆಯ ಗಿರಾಕಿಗಳೆಲ್ಲ ಹಾವೇರಿಯಲ್ಲಿದ್ದಾರೆ. ಬೆಂಗಳೂರಿಗೆ ಬಂದರೆ ನಿಂತುಹೋಗುವುದು ಎರಡು ಸಂಪಾದನೆ, ಆರಂಭವಾಗುವುದು ಒಂದು. ಆಕೆಯನ್ನು ಕೇಳಿದ್ದೀರಾ?

ಗುಮಾಸ್ತ_ನಟ
ಗುರುವಾರ, ರಾತ್ರಿ 10:15

ಎಲ್ಲವನ್ನೂ ಎರಡು ಬಾರಿ ಓದಿದೆ, ಬಣ್ಣ ಮಾಸದವಳು ಅವರ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಯಂತ್ರ ನಿಲ್ಲಿಸಿ, ಈ ಅಕ್ಕ ಯಾರು ಎಂದು ಕೇಳಿದಳು. ನಾನು ಅವಳನ್ನು ಕೇಳಿರಲಿಲ್ಲ, ತಿಳಿಸಿದ್ದೆ ಅಷ್ಟೇ. ಈಗ ಕೇಳಿದ್ದೇನೆ. ಮಗಳೂ ತಾನೂ ಇಲ್ಲಿಯೇ ಇರುತ್ತೇವೆ, ನೀವು ಒಬ್ಬರೇ ಹೋಗಿ ಕೋಣೆ ಹಂಚಿಕೊಂಡು ಇರಿ, ದೀಪಾವಳಿಯ ಹೊತ್ತಿಗೆ ಲೆಕ್ಕ ಒಪ್ಪಿಸಿ ಎಂದಿದ್ದಾಳೆ.

ಸಂಘದ ಕಾರ್ಯದರ್ಶಿಗಳು ವೇತನರಹಿತ ರಜೆಯನ್ನು ಮೂರು ತಿಂಗಳ ಮಟ್ಟಿಗೆ ಆಡಳಿತ ಮಂಡಳಿಯ ಮುಂದೆ ಇಡಲು ಒಪ್ಪಿದ್ದಾರೆ. ಅವರೂ ಹಿಂದೆ ಜಾತ್ರೆಯ ನಾಟಕದಲ್ಲಿ ಖಳನಾಯಕನಾಗಿದ್ದರಂತೆ, ನನಗೆ ಇಂದೇ ತಿಳಿಯಿತು. ಹನ್ನೆರಡು ದಿನವನ್ನು ಕರಾರಿನಲ್ಲಿ ಬರೆಯಿರಿ ಎಂದು ಧಾರಾವಾಹಿಯವರಿಗೆ ಹೇಳಿದೆ. ಮ್ಯಾನೇಜರ್ ನಕ್ಕು, ಎಂಟು ಎಂದು ಬರೆಯುತ್ತೇವೆ ಎಂದರು.

ಕಥೆಯ ಮೊದಲ ಹತ್ತು ಕಂತುಗಳ ಸಾರಾಂಶವನ್ನೂ ಕಳುಹಿಸಿದ್ದಾರೆ. ಅತ್ತೆ ಪಾತ್ರದ ಅಕ್ಕನವರಿಗೆ ಒಂದು ಪ್ರಶ್ನೆ. ನಾಲ್ಕನೆಯ ಕಂತಿನಲ್ಲಿ ಅಣ್ಣನ ಹೆಸರಿಗೆ ಪಾಸ್‌ಪೋರ್ಟ್ ಕಚೇರಿಯಿಂದ ಒಂದು ಲಕೋಟೆ ಬರುತ್ತದೆ, ಆದರೆ ಅದನ್ನು ಯಾರೂ ತೆರೆಯುವುದಿಲ್ಲ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಅತ್ತೆ_ಪಾತ್ರ

ತಮ್ಮಾ, ರಜೆಯ ಅರ್ಜಿಯನ್ನೇ ಕೊಡಿ, ರಾಜೀನಾಮೆ ಬೇಡ. ಲಕೋಟೆಯನ್ನು ಆದಷ್ಟು ದಿನ ತೆರೆಯದಂತೆ ಬರಹಗಾರರೊಂದಿಗೆ ಸ್ನೇಹ ಬೆಳೆಸಿಕೊಳ್ಳಿ.

ಧ್ವನಿಮಾತ್ರ

ಬೆಂಗಳೂರಿಗೆ ಬಂದ ಮೊದಲ ವಾರ ನನಗೊಂದು ಸಂದೇಶ ಕಳುಹಿಸಿ. ಗಡಸು ಧ್ವನಿಯ ಪೊಲೀಸ್ ಪೇದೆಯೊಬ್ಬ ಬೇಕಾಗಿದ್ದಾನೆ, ನಾಲ್ಕು ಸಾಲು, ಅರ್ಧ ಗಂಟೆಯ ಕೆಲಸ.